ಗೆದ್ದದ್ದನ್ನು ಮಾರಬಹುದೆ?

1987ರ ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ನಾನು ಆಗ ತಾಲೂಕು ಸ್ಥಳವೊಂದರ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕ. ನೌಕರಿಗೆ ಸೇರಿ ಎರಡು ವರ್ಷವೂ ತುಂಬಿರಲಿಲ್ಲ. ಕನ್ನಡ ಕಲಿಸುವವನಿಗೆ ಬಿಡುವು ಹೆಚ್ಚು ಎಂಬ ನಂಬಿಕೆ ನಮ್ಮ ಕಾಲೇಜುಗಳಲ್ಲಿ ಬಹಳ ಹಳೆಯದು. ಆ ನಂಬಿಕೆಯ ಫಲವಾಗಿ ಜಿಮಖಾನಾ ಸಮಿತಿಯ ಕಾರ್ಯದರ್ಶಿಯ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ಅಂದಿನ ಸಭೆಯ ಮುಂದೆ ಇದ್ದ ವಿಷಯ ಒಂದೇ. ನಮ್ಮ ವಿದ್ಯಾರ್ಥಿಯೊಬ್ಬ ತನ್ನ ಬ್ಲೇಜರನ್ನು ಮಾರಿದ್ದಾನೆ. ಅವನನ್ನು ಏನು ಮಾಡತಕ್ಕದ್ದು?

ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳಿಗೆ ಹೋಗಿ ಬಂದವನನ್ನು ನಮ್ಮಲ್ಲಿ ‘ಯೂನಿವರ್ಸಿಟಿ ಬ್ಲೂ’ ಎಂದು ಕರೆಯುವುದು ರೂಢಿ. ಅಂಥವನು ನಮ್ಮ ಕಾಲೇಜಿನಲ್ಲಿ ಹುಟ್ಟಿದ್ದು ಏಳು ವರ್ಷಗಳಲ್ಲಿ ಅದೇ ಮೊದಲು. ಹುಡುಗ ಹತ್ತು ಸಾವಿರ ಮೀಟರ್ ಓಡುತ್ತಿದ್ದ. ವಾರ್ಷಿಕ ಸ್ನೇಹಸಮ್ಮೇಳನದ ದಿನ ಪ್ರಿನ್ಸಿಪಾಲರು ಸ್ವತಃ ಅವನಿಗೆ ಕಡುನೀಲಿ ಬಣ್ಣದ ಕೋಟನ್ನು ತೊಡಿಸಿದರು. ಎಡಗಡೆಯ ಕಿಸೆಯ ಮೇಲೆ ಕಾಲೇಜಿನ ಲಾಂಛನ, ಅದರ ಕೆಳಗೆ ಜರಿಯ ದಾರದಲ್ಲಿ ವರ್ಷ. ಸಭೆ ಎರಡು ನಿಮಿಷ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆ ಕೋಟನ್ನು ತೊಟ್ಟು ಅವನು ನಡೆದುಹೋದದ್ದು ಕಾಲೇಜಿನ ಹಾಸ್ಟೆಲಿಗೆ. ಅಲ್ಲಿ ಅವನ ಮೂರು ತಿಂಗಳ ಮೆಸ್ ಬಿಲ್ಲು ಬಾಕಿ ಇತ್ತು. ಬಾಕಿ ತೀರದ ಹೊರತು ಪರೀಕ್ಷೆಯ ಹಾಲ್ ಟಿಕೆಟ್ ಕೊಡುವುದಿಲ್ಲವೆಂಬ ನೋಟೀಸು ಫಲಕದ ಮೇಲೆ ಹಚ್ಚಿ ಒಂದು ವಾರವಾಗಿತ್ತು.

ಅವನು ಮೊದಲು ತನ್ನ ಬೆಳ್ಳಿಯ ಪದಕವನ್ನು ಸರಾಫ ಕಟ್ಟೆಗೆ ಒಯ್ದ. ತೂಕದ ಮೇಲೆ ದುಡ್ಡು ಬಂತು. ಕಪ್ಪನ್ನೂ ಒಯ್ದಿದ್ದನಂತೆ, ಅದು ಜರ್ಮನ್ ಸಿಲ್ವರಿನದೆಂದು ಸರಾಫ ನಕ್ಕು ಹಿಂದಿರುಗಿಸಿದ. ಉಳಿದ ದುಡ್ಡಿಗೆ ಕೋಟನ್ನು ಮಾರಿದ. ಕೊಂಡವನು ಬಸ್ ಸ್ಟ್ಯಾಂಡಿನ ಬಳಿಯ ಫೋಟೋ ಸ್ಟುಡಿಯೋದವನು. ಆ ಕಾಲದಲ್ಲಿ ಪ್ರತಿ ಸ್ಟುಡಿಯೋದಲ್ಲಿಯೂ ಒಂದೆರಡು ಕೋಟು, ಒಂದು ಟೈ, ಒಂದು ಬಾಚಣಿಗೆ ಇರುತ್ತಿದ್ದವು. ಸ್ವಂತ ಕೋಟಿಲ್ಲದ ಮದುಮಗ ಅದನ್ನು ತೊಟ್ಟು, ಬಣ್ಣದ ಪರದೆಯ ಮುಂದೆ ನಿಂತು, ಹದಿನೈದು ನಿಮಿಷದ ಮಟ್ಟಿಗೆ ಸಾಹುಕಾರನಾಗುತ್ತಿದ್ದ. ಕೋಟು ಮಾರಿದ ಎರಡೇ ವಾರದಲ್ಲಿ ಆ ಸ್ಟುಡಿಯೋದ ಗಾಜಿನ ಪೆಟ್ಟಿಗೆಯಲ್ಲಿ ಮದುಮಗನೊಬ್ಬನ ಚಿತ್ರ ಕಾಣಿಸಿಕೊಂಡಿತು. ಎದೆಯ ಮೇಲೆ ನಮ್ಮ ಕಾಲೇಜಿನ ಲಾಂಛನ! ಆ ಮದುಮಗ ಜನ್ಮದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ, ಓಡಿದವನಂತೂ ಅಲ್ಲವೇ ಅಲ್ಲ.

ಸಭೆಯಲ್ಲಿ ಹುಡುಗನನ್ನು ಕರೆಸಿ ಕೇಳಿದರು. ಅವನು ತಲೆ ತಗ್ಗಿಸಲಿಲ್ಲ, ದರ್ಪವನ್ನೂ ತೋರಲಿಲ್ಲ. “ಅದನ್ನ ನನಗ ಕೊಟ್ಟದ್ದಲ್ಲೇನ್ರಿ ಸರ?” ಎಂದ. “ಕೊಟ್ಟದ್ದನ್ನೆಲ್ಲ ಮಾರುವುದೆ? ನಾಳೆ ನಿಮ್ಮ ತಾಯಿಯ ತಾಳಿಯನ್ನೂ ಮಾರುವಿಯೇನು?” ಎಂದು ಹಿರಿಯ ಅಧ್ಯಾಪಕರೊಬ್ಬರು ಗದರಿದರು. “ಅದು ಹೋದ ವರ್ಷನ ಒತ್ತಿ ಬಿದ್ದೈತ್ರಿ, ನನ್ನ ಫೀ ತುಂಬಾಕ” ಎಂದು ಅವನು ಅಷ್ಟೇ ಸಹಜವಾಗಿ ಉತ್ತರಿಸಿದ. ಅನಂತರ ಅವನನ್ನು ಹೊರಗೆ ಕಳುಹಿಸಿದರು.

ಸಂಸ್ಥೆಯ ಗೌರವಕ್ಕೆ ಚ್ಯುತಿ ತಂದುದಕ್ಕಾಗಿ ಆ ವರ್ಷದ ಗೌರವ ಫಲಕದಲ್ಲಿ ಅವನ ಹೆಸರನ್ನು ಬರೆಯಿಸತಕ್ಕದ್ದಲ್ಲ, ಕ್ರೀಡಾ ಕೋಟಾದ ನೌಕರಿಗೆ ಬೇಕಾದ ಶಿಫಾರಸು ಪತ್ರವನ್ನೂ ಕೊಡತಕ್ಕದ್ದಲ್ಲ ಎಂದು ಠರಾವಾಯಿತು. ಠರಾವನ್ನು ಬರೆದವನು ನಾನು. ಒಳ್ಳೆಯ ಕನ್ನಡದಲ್ಲಿ ಬರೆದೆನೆಂದು ಪ್ರಿನ್ಸಿಪಾಲರು ಮೆಚ್ಚಿದ್ದೂ ನೆನಪಿದೆ. ಅವನು ಮಾರಿದ್ದು ಕಾಲೇಜು ಕೊಟ್ಟ ಗೌರವವನ್ನು, ತೀರಿಸಿದ್ದು ಕಾಲೇಜಿನದೇ ಬಾಕಿಯನ್ನು ಎಂಬ ಸರಳವಾದ ಲೆಕ್ಕ ಆ ಕೋಣೆಯಲ್ಲಿದ್ದ ಎಂಟು ಮಂದಿ ವಿದ್ಯಾವಂತರಲ್ಲಿ ಒಬ್ಬನಿಗೂ ಅಂದು ಹೊಳೆಯಲಿಲ್ಲ.

ಇಷ್ಟು ವರ್ಷಗಳ ಮೇಲೆ ಈ ಪ್ರಸಂಗವನ್ನು ಎತ್ತಲು ಒಂದು ನಿಮಿತ್ತವುಂಟು. ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲಸಿರುವ ನನ್ನ ತಂಗಿಯ ಮಗ ಮೊನ್ನೆ ಊರಿಗೆ ಬಂದವನು ನವನಗರದ ನಮ್ಮ ಮನೆಯಲ್ಲಿ ನಾಲ್ಕು ದಿನ ಇದ್ದ. ಒಂದು ಸಂಜೆ ಜಗಲಿಯ ಮೇಲೆ ಕುಳಿತಾಗ ಅಲ್ಲಿಯ ವಿಶ್ವವಿದ್ಯಾಲಯದ ಫುಟ್‌ಬಾಲ್ ಆಟಗಾರರ ಕಥೆ ಹೇಳಿದ. ಓಹಾಯೋದವರಿಗೆ ನೆರೆಯ ಮಿಶಿಗನ್‌ನವರನ್ನು ಸೋಲಿಸುವುದೆಂದರೆ ಜೀವ. ಹಾಗೆ ಸೋಲಿಸಿದಾಗ ಪ್ರತಿ ಆಟಗಾರನಿಗೂ ಚಡ್ಡಿಯ ಆಕಾರದ ಒಂದು ಚಿಕ್ಕ ಬಂಗಾರದ ಪದಕ ಕೊಡುವ ಪದ್ಧತಿ. ಕೆಲವು ಹುಡುಗರು ಆ ಪದಕಗಳನ್ನು, ಉಂಗುರಗಳನ್ನು, ತೊಟ್ಟ ಅಂಗಿಗಳನ್ನು ಮಾರಿದರು. ಒಬ್ಬಿಬ್ಬರು ಅದಕ್ಕೆ ಬದಲಾಗಿ ಮೈಮೇಲೆ ಹಚ್ಚೆ ಹಾಕಿಸಿಕೊಂಡರು. 2010ರ ಡಿಸೆಂಬರಿನಲ್ಲಿ ಐವರನ್ನು ಮುಂದಿನ ವರ್ಷದ ಐದು ಪಂದ್ಯಗಳಿಂದ ಹೊರಗಿಡಲಾಯಿತು. ವಿಷಯ ಗೊತ್ತಿದ್ದೂ ಮುಚ್ಚಿಟ್ಟನೆಂದು ಅವರ ತರಬೇತುದಾರ 2011ರಲ್ಲಿ ಕೆಲಸ ಬಿಡಬೇಕಾಯಿತು. ಅದೇ 2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಎ. ಜೆ. ಗ್ರೀನ್ ಎಂಬ ಆಟಗಾರ ತಾನು ತೊಟ್ಟ ಅಂಗಿಯನ್ನು ಸಾವಿರ ಡಾಲರಿಗೆ ಮಾರಿ ನಾಲ್ಕು ಪಂದ್ಯ ಕಳೆದುಕೊಂಡ. ಅವನು ಹೊರಗೆ ಕುಳಿತಿದ್ದಾಗ ಅವನ ಸಂಖ್ಯೆಯ ಅಂಗಿಗಳು ವಿಶ್ವವಿದ್ಯಾಲಯದ ಅಂಗಡಿಯಲ್ಲಿ ಮಾರಾಟಕ್ಕಿದ್ದವು. ಆ ದುಡ್ಡು ಗ್ರೀನನದಲ್ಲ.

“ಈಗ ಹಾಗಿಲ್ಲ ಮಾವಾ” ಎಂದ ಅಳಿಯ. 2021ರ ಜುಲೈ 1ರಿಂದ ಅಲ್ಲಿಯ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ, ಸಹಿ ಇವುಗಳಿಂದ ದುಡ್ಡು ಗಳಿಸಬಹುದೆಂದು ಕ್ರೀಡಾಸಂಘದವರು ಒಪ್ಪಿದ್ದಾರೆ. ಅದಕ್ಕೆ ಹತ್ತೇ ದಿನ ಮುಂಚೆ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಬೇರೊಂದು ಮೊಕದ್ದಮೆಯಲ್ಲಿ ಆ ಸಂಘದ ವಿರುದ್ಧ ಒಮ್ಮತದಿಂದ ತೀರ್ಪು ಕೊಟ್ಟಿದ್ದರು. ನೂರು ವರ್ಷ ಪಾಪವಾಗಿದ್ದದ್ದು ಒಂದು ಬೆಳಗಿನಿಂದ ವ್ಯವಹಾರವಾಯಿತು. ಅವನು ಮಲಗಲು ಹೋದ ಮೇಲೆ ನಾನು ಬಹಳ ಹೊತ್ತು ಜಗಲಿಯಲ್ಲೇ ಕುಳಿತಿದ್ದೆ. ನನ್ನ ಕಣ್ಣ ಮುಂದೆ ಇದ್ದದ್ದು ಓಹಾಯೋ ಅಲ್ಲ, ಬಸ್ ಸ್ಟ್ಯಾಂಡಿನ ಬಳಿಯ ಆ ಗಾಜಿನ ಪೆಟ್ಟಿಗೆ.

ಅಮೆರಿಕದ ಮಾತು ನಮಗೇಕೆ ಎನ್ನಬಹುದು. ನಮ್ಮ ಕಾಲೇಜು ಹುಡುಗರ ಅಂಗಿಯನ್ನು ಸಾವಿರ ಡಾಲರು ಕೊಟ್ಟು ಕೊಳ್ಳುವವರು ಯಾರೂ ಇಲ್ಲ, ನಿಜ. ಆದರೆ ಪ್ರಶ್ನೆ ದುಡ್ಡಿನ ಮೊತ್ತದ್ದಲ್ಲ. ಗೆದ್ದ ವಸ್ತುವಿನ ಒಡೆಯ ಯಾರು ಎಂಬುದು ಪ್ರಶ್ನೆ. ಅದನ್ನು ನಮ್ಮ ನೆಲದಲ್ಲಿಯೇ ಕೇಳಬಹುದು. ನಮ್ಮ ಬೆಳಗಾವಿಯ ಗಡಿಗೆ ತಾಗಿದ ಕೊಲ್ಲಾಪುರದಲ್ಲಿ ಕೇಳಬಹುದು.

ಕೊಲ್ಲಾಪುರದ ರಾಜಾರಾಮ ಕಾಲೇಜು ನಮಗೆ ಪರಕೀಯವಲ್ಲ. ಧಾರವಾಡದ ಕರ್ನಾಟಕ ಕಾಲೇಜಿಗೆ ಪ್ರಿನ್ಸಿಪಾಲರಾಗಿ ಬರುವ ಮೊದಲು ವಿ. ಕೃ. ಗೋಕಾಕರು ಅಲ್ಲಿಯೇ ಪ್ರಿನ್ಸಿಪಾಲರಾಗಿದ್ದರು. ಆ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಖಾಶಾಬಾ ಜಾಧವ ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯ ಕುಸ್ತಿ ಮನೆತನದವರು. 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಕೊಲ್ಲಾಪುರದ ಮಹಾರಾಜರ ನೆರವಿನಿಂದ ಹೋಗಿ ಆರನೆಯವರಾದರು. ಮಣ್ಣಿನ ಅಖಾಡದಲ್ಲಿ ಬೆಳೆದವರು, ಚಾಪೆಯ ಮೇಲಿನ ಕುಸ್ತಿ ಆಗ ಅವರಿಗೆ ಹೊಸದು. 1952ರಲ್ಲಿ ಹೆಲ್ಸಿಂಕಿಗೆ ಹೋಗಬೇಕಾದಾಗ ದುಡ್ಡಿಲ್ಲ. ಹಳ್ಳಿಯವರು ಚಂದಾ ಎತ್ತಿದರು. ರಾಜಾರಾಮ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಖರ್ಡೇಕರರು ತಮ್ಮ ಮನೆಯನ್ನು ಒತ್ತಿ ಹಾಕಿ ಏಳು ಸಾವಿರ ರೂಪಾಯಿ ತಂದುಕೊಟ್ಟರು. ಪ್ರಿನ್ಸಿಪಾಲರೊಬ್ಬರು ವಿದ್ಯಾರ್ಥಿಯ ಕುಸ್ತಿಗಾಗಿ ಮನೆ ಒತ್ತಿ ಹಾಕಿದ ಇನ್ನೊಂದು ಉದಾಹರಣೆಯನ್ನು ನಾನು ಕೇಳಿಲ್ಲ. ನನ್ನ ಸೇವಾವಧಿಯಲ್ಲಿ ಒಂಬತ್ತು ಪ್ರಿನ್ಸಿಪಾಲರ ಕೈಕೆಳಗೆ ಕೆಲಸ ಮಾಡಿದ್ದೇನೆಂಬುದನ್ನು ಕೇಳುಗರು ಗಮನಿಸಬೇಕು.

ಜಾಧವರು ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ದೊರೆತ ಮೊದಲನೆಯ ವೈಯಕ್ತಿಕ ಒಲಿಂಪಿಕ್ ಪದಕ ಅದು. ಎರಡನೆಯದಕ್ಕಾಗಿ ನಾವು 1996ರ ತನಕ, ಎಂದರೆ ನಲವತ್ತನಾಲ್ಕು ವರ್ಷ ಕಾದೆವು. ಅವರು ಮರಳಿ ಬಂದಾಗ ನೂರಕ್ಕೂ ಮಿಕ್ಕಿದ ಎತ್ತಿನ ಬಂಡಿಗಳ ಮೆರವಣಿಗೆಯಲ್ಲಿ ಊರಿಗೆ ಕರೆದೊಯ್ದರಂತೆ. ಮೆರವಣಿಗೆ ಮುಗಿದ ಮೇಲೆ ಅವರು ಮಾಡಿದ ಕೆಲಸ ನನಗೆ ಪದಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಊರೂರುಗಳಲ್ಲಿ ಕುಸ್ತಿಯ ಪಂದ್ಯಗಳನ್ನು ಏರ್ಪಡಿಸಿ, ತಾವೂ ಕಾದಾಡಿ, ಬಂದ ದುಡ್ಡಿನಿಂದ ಖರ್ಡೇಕರರ ಮನೆಯನ್ನು ಒತ್ತಿಯಿಂದ ಬಿಡಿಸಿದರು. ಆಟದಿಂದ ದುಡ್ಡು ಗಳಿಸಬಾರದೆಂಬ ‘ಅಮೆಚೂರ್’ ನಿಯಮ ಆ ಕಾಲದ ಒಲಿಂಪಿಕ್ಸಿನ ಮೂಲಸ್ತಂಭ. ಅಮೆರಿಕದ ಜಿಮ್ ಥಾರ್ಪ್ ಎಂಬ ಮೂಲನಿವಾಸಿ ವಿದ್ಯಾರ್ಥಿ ಬೇಸಗೆಯ ರಜೆಯಲ್ಲಿ ಅಲ್ಪ ಸಂಭಾವನೆಗೆ ಬೇಸ್‌ಬಾಲ್ ಆಡಿದ್ದನೆಂಬ ಕಾರಣಕ್ಕೆ 1912ರಲ್ಲಿ ಅವನು ಗೆದ್ದ ಎರಡು ಚಿನ್ನದ ಪದಕಗಳನ್ನು ಮರುವರ್ಷ ಕಿತ್ತುಕೊಂಡಿದ್ದರು. ಗೋಳೇಶ್ವರದ ಪೈಲವಾನನ ಲೆಕ್ಕವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದರೊ! ಗುರುವಿನ ಮನೆ ಬಿಡಿಸುವುದು ವೃತ್ತಿಯೋ ಹವ್ಯಾಸವೋ?

ಜಾಧವರು ಪೊಲೀಸ್ ಇಲಾಖೆ ಸೇರಿ, ನಿವೃತ್ತರಾಗಿ, 1984ರಲ್ಲಿ ರಸ್ತೆಯ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಬಂದದ್ದು 2000ದಲ್ಲಿ, ಪಡೆಯಲು ಅವರಿರಲಿಲ್ಲ. ಅವರ ಹೆಸರಿನಲ್ಲಿ ಊರಿನಲ್ಲಿ ಕುಸ್ತಿಯ ಅಕಾಡೆಮಿ ಕಟ್ಟುವುದಾಗಿ ಸರಕಾರ ಕೊಟ್ಟ ಮಾತು ವರ್ಷಗಟ್ಟಲೆ ಮಾತಾಗಿಯೇ ಉಳಿಯಿತು. 2017ರಲ್ಲಿ ಅವರ ಮಗ ಬೇಸತ್ತು, ಪದಕವನ್ನು ಹರಾಜು ಹಾಕಿ ಆ ದುಡ್ಡಿನಿಂದಲೇ ಅಕಾಡೆಮಿ ಕಟ್ಟುತ್ತೇವೆ ಎಂದು ಪತ್ರಿಕೆಗಳಿಗೆ ತಿಳಿಸಿದರು. ಆಗ ಎದ್ದ ಉದ್ಗಾರಗಳನ್ನು ಓದಿದ ನೆನಪು ನನಗಿದೆ. ರಾಷ್ಟ್ರದ ಆಸ್ತಿಯನ್ನು ಹರಾಜು ಹಾಕುವುದೆ? ಇದು ಅವಮಾನವಲ್ಲವೆ? ಅವಮಾನವೇ ಸರಿ. ಆದರೆ ಯಾರದು? ಪ್ರಯಾಣದ ದುಡ್ಡನ್ನು ಕೊಡುವಾಗ ಅದು ರಾಷ್ಟ್ರದ ಪದಕವಾಗಿರಲಿಲ್ಲ, ಖರ್ಡೇಕರರ ಮನೆಯಾಗಿತ್ತು. ಮಾರುತ್ತೇವೆ ಎಂದ ಕೂಡಲೇ ಅದು ರಾಷ್ಟ್ರದ ಆಸ್ತಿಯಾಯಿತು. ನಮ್ಮ ಜಿಮಖಾನಾ ಸಮಿತಿಯ ತರ್ಕವೂ ಇದೇ ಆಗಿತ್ತು. ಬಾಕಿ ಹುಡುಗನದು, ಕೋಟು ಕಾಲೇಜಿನದು.

ಗೌರವ ಎಂಬುದು ಮಾರುವ ವಸ್ತುವಲ್ಲ, ಅದು ಪವಿತ್ರವಾದದ್ದು ಎಂಬ ವಾದವನ್ನು ನಾನು ಹಗುರವಾಗಿ ತೆಗೆದುಹಾಕಲಾರೆ. ಜೀವಮಾನವಿಡೀ ವೀರಗಲ್ಲುಗಳ ಪಾಠ ಹೇಳಿದವನು ನಾನು. ಕನ್ನಡ ನಾಡಿನಷ್ಟು ವೀರಗಲ್ಲುಗಳು ಬೇರೆಡೆ ದೊರೆಯುವುದು ವಿರಳ. ಗೆದ್ದವನನ್ನೂ ಬಿದ್ದವನನ್ನೂ ಕಲ್ಲಿನಲ್ಲಿ ನಿಲ್ಲಿಸಿದ ಜನ ನಾವು. ಕಲ್ಲನ್ನು ಯಾರೂ ಮಾರಲಿಲ್ಲ, ಕೊಳ್ಳಲೂ ಇಲ್ಲ. ಆದರೆ ನಮ್ಮ ಹಿರಿಯರು ಬರಿಯ ಕಲ್ಲನ್ನು ನಿಲ್ಲಿಸಿ ಕೈತೊಳೆದುಕೊಳ್ಳಲಿಲ್ಲ ಎಂಬುದನ್ನು ಶಾಸನಗಳೇ ಹೇಳುತ್ತವೆ. ಬಿದ್ದವನ ಮನೆಯವರಿಗೆ ಬಿಟ್ಟ ಭೂಮಿಗೆ ‘ನೆತ್ತರುಗೊಡಗಿ’ ಎಂದು ಹೆಸರು. ನೆತ್ತರಿಗಾಗಿ ಕೊಟ್ಟ ಕೊಡುಗೆ. ಗೆದ್ದು ಬಂದವನ ಕತ್ತಿಯನ್ನು ತೊಳೆದು ಕೊಡುವ ಕೊಡುಗೆಗೆ ‘ಬಾಳ್ಗಚ್ಚು’ ಎಂದು ಹೆಸರು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಪ್ರಸಿದ್ಧವಾದದ್ದು. ಕ್ರಿ. ಶ. 949ರ ಸುಮಾರಿಗೆ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಬಿದ್ದ ಮೇಲೆ ಗಂಗರ ಬೂತುಗನು ತನ್ನ ವೀರ ಮಣಲೇರನಿಗೆ ಆತಕೂರು ಹನ್ನೆರಡು ಮೊದಲಾದವನ್ನು ಬಾಳ್ಗಚ್ಚಾಗಿ ಕೊಟ್ಟನು. ಮೆಚ್ಚಿದೆ, ಬೇಡಿಕೊ ಎಂದಾಗ ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು! ಆ ನಾಯಿ ಅನಂತರ ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಕಲ್ಲಿನ ಪೂಜೆಗೂ ಕೆರೆಯ ಕೆಳಗಿನ ಭೂಮಿ ಬಿಟ್ಟರು.

ನಾಯಿಯ ಕಲ್ಲಿಗೂ ಭೂಮಿ ಇತ್ತು. ನಮ್ಮ ಹುಡುಗನ ಕೋಟಿಗೆ ಒಂದು ತಿಂಗಳ ಮೆಸ್ ಬಿಲ್ಲೂ ಇರಲಿಲ್ಲ. ಈ ವೀರಗಲ್ಲಿನ ಪಾಠವನ್ನು ನಾನು ಅದೇ 1987ರಲ್ಲಿ ಬಿ.ಎ. ಎರಡನೆಯ ವರ್ಷಕ್ಕೆ ಹೇಳುತ್ತಿದ್ದೆ ಎಂಬುದನ್ನು ಮುಚ್ಚಿಡಲಾರೆ. ಆ ಹುಡುಗ ಅದೇ ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ.

ಸಂಕೇತವನ್ನು ಪವಿತ್ರವಾಗಿ ಇಟ್ಟುಕೊಳ್ಳಲು ಹೊಟ್ಟೆ ತುಂಬಿರಬೇಕು. ಕೊಟ್ಟವರು ಭೂಮಿಯನ್ನು ತಮ್ಮಲ್ಲೇ ಇಟ್ಟುಕೊಂಡು ಕಲ್ಲನ್ನು ಮಾತ್ರ ಕೊಟ್ಟು, ಅದನ್ನು ಮಾರಬೇಡ ಎಂದರೆ, ಅವರು ಕೊಟ್ಟದ್ದು ಗೌರವವನ್ನೋ ಕಾವಲಿನ ಕೆಲಸವನ್ನೋ?

ಇನ್ನೊಂದು ಮಾತು. ಮಾರುವುದನ್ನು ನಾವು ನಿಜವಾಗಿ ವಿರೋಧಿಸುತ್ತೇವೆಯೆ? ನೀರಜ್ ಚೋಪ್ರಾ ಪ್ರಧಾನಿಯವರಿಗೆ ಕಾಣಿಕೆಯಾಗಿ ಕೊಟ್ಟ ಭರ್ಜಿಯನ್ನು 2021ರಲ್ಲಿ ಸರಕಾರವೇ ಹರಾಜಿಗಿಟ್ಟಿತು. ಒಂದೂವರೆ ಕೋಟಿ ರೂಪಾಯಿಗೆ ಕ್ರಿಕೆಟ್ ಮಂಡಳಿ ಅದನ್ನು ಕೊಂಡಿತು. ಹಣ ಗಂಗೆಯ ಶುದ್ಧೀಕರಣಕ್ಕೆ ಹೋಯಿತು. ನಮ್ಮ ಕನ್ನಡಿಗ ಕೆ. ಎಲ್. ರಾಹುಲ್ 2019ರ ವಿಶ್ವಕಪ್ಪಿನಲ್ಲಿ ಆಡಿದ ಬ್ಯಾಟನ್ನು 2020ರಲ್ಲಿ ಹರಾಜು ಹಾಕಿ ಎರಡು ಲಕ್ಷ ಅರವತ್ತನಾಲ್ಕು ಸಾವಿರ ರೂಪಾಯಿಯಷ್ಟನ್ನು ಮಕ್ಕಳ ನೆರವಿಗೆ ಕೊಟ್ಟರು. ಎಲ್ಲರೂ ಹೊಗಳಿದರು, ಹೊಗಳಬೇಕಾದದ್ದೇ. ಅಂದಮೇಲೆ ಮಾರುವುದರಲ್ಲಿ ಅಪವಿತ್ರತೆ ಇಲ್ಲವೆಂದಾಯಿತು. ಉಂಡವನು ಪರರಿಗಾಗಿ ಮಾರಿದರೆ ಔದಾರ್ಯ, ಹಸಿದವನು ತನಗಾಗಿ ಮಾರಿದರೆ ಅಪಚಾರ. ಈ ವಿವೇಚನೆಯ ಬುಡ ನೀತಿಶಾಸ್ತ್ರದಲ್ಲಿ ಇಲ್ಲ. ಬಡವನು ಗೌರವವನ್ನು ಹೊತ್ತು ತಿರುಗುವುದನ್ನು ನೋಡಲು ನಮಗೆ ಇರುವ ಇಷ್ಟದಲ್ಲಿದೆ.

ಹಾಗಾದರೆ ಮಾರದೆ ದಾನ ಕೊಡಲಿ, ವಸ್ತುಸಂಗ್ರಹಾಲಯದಲ್ಲಿ ಇಡಲಿ ಎನ್ನುವವರು ಒಂದು ಕಥೆಯನ್ನು ಕೇಳಬೇಕು. ಮೂರು ಒಲಿಂಪಿಕ್ಸುಗಳಲ್ಲಿ ಹಾಕಿಯ ಚಿನ್ನ ಗೆದ್ದ ಬಲಬೀರ ಸಿಂಗರು 1985ರಲ್ಲಿ ತಮ್ಮ ಮೂವತ್ತಾರು ಪದಕಗಳನ್ನು, ನೂರಕ್ಕೂ ಮಿಕ್ಕಿದ ಚಿತ್ರಗಳನ್ನು, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಯಕರಾಗಿ ತೊಟ್ಟ ಬ್ಲೇಜರನ್ನು ಕ್ರೀಡಾ ಪ್ರಾಧಿಕಾರಕ್ಕೆ ಒಪ್ಪಿಸಿದರು. ಸಂಗ್ರಹಾಲಯವಾಗಲಿದೆ ಎಂದು ಹೇಳಲಾಗಿತ್ತು. 2012ರಲ್ಲಿ ಲಂಡನ್ನಿನ ಪ್ರದರ್ಶನವೊಂದಕ್ಕಾಗಿ ಅವನ್ನು ಕೇಳಿದಾಗ ಅವು ಎಲ್ಲಿಯೂ ಇರಲಿಲ್ಲ. ವರ್ಷಗಟ್ಟಲೆ ಅರ್ಜಿ ಹಾಕಿ, ಕಾದು, 2020ರಲ್ಲಿ ತೊಂಬತ್ತಾರರ ವಯಸ್ಸಿನಲ್ಲಿ ಅವರು ತೀರಿಕೊಂಡರು, ಬ್ಲೇಜರು ಬರಲಿಲ್ಲ. ಮೇಲೆ ಹೇಳಿದ ಜಿಮ್ ಥಾರ್ಪನಿಂದ ಕಿತ್ತುಕೊಂಡ ಪದಕಗಳೂ ಸಂಗ್ರಹಾಲಯಗಳಿಂದಲೇ ಕಳುವಾದವು. ಅವನು ಸತ್ತು ಮೂವತ್ತು ವರ್ಷವಾದ ಮೇಲೆ, 1983ರಲ್ಲಿ, ಅವನ ಮಕ್ಕಳಿಗೆ ಪ್ರತಿಕೃತಿಗಳನ್ನು ಕೊಟ್ಟರು. ದುಡ್ಡು ಕೊಟ್ಟು ಕೊಂಡವನು ವಸ್ತುವನ್ನು ಜೋಪಾನ ಮಾಡುತ್ತಾನೆ. ಪುಕ್ಕಟೆಯಾಗಿ ಪಡೆದ ಕಚೇರಿ ಕಳೆಯುತ್ತದೆ. ಇದು ಹೊಗಳಿಕೆಯ ಮಾತಲ್ಲ, ಆದರೆ ಕಂಡ ಮಾತು.

ಎದುರು ಪಕ್ಷದಲ್ಲಿ ಗಟ್ಟಿಯಾದ ವಾದ ಒಂದಿದೆ. ಅದನ್ನು ನಮ್ಮ ಸಮಿತಿ ಎತ್ತಲೇ ಇಲ್ಲ. ಮಾರಾಟ ಎಂಬ ನೆಪದಲ್ಲಿ ಸಂಬಳ ಕೊಡಬಹುದು. ಕಾಲೇಜಿನ ಮೇಲೆ ಅಭಿಮಾನವುಳ್ಳ ಸಾಹುಕಾರ ಹತ್ತು ರೂಪಾಯಿಯ ಕಾಲುಚೀಲವನ್ನು ಹತ್ತು ಸಾವಿರಕ್ಕೆ ಕೊಂಡರೆ ಅವನು ಕೊಂಡದ್ದು ಕಾಲುಚೀಲವಲ್ಲ, ಆಟಗಾರನನ್ನು. ಅಮೆರಿಕದವರು ನೂರು ವರ್ಷ ಹೆದರಿದ್ದು ಇದಕ್ಕೆ. ಹೆದರಿಕೆ ಸುಳ್ಳಲ್ಲ, ಈಗ ಅಲ್ಲಿ ಹುಡುಗರು ಹಣದ ಬೆನ್ನುಹತ್ತಿ ವರ್ಷಕ್ಕೊಂದು ಕಾಲೇಜು ಬದಲಿಸುತ್ತಾರೆಂದು ಅಳಿಯನೇ ಒಪ್ಪಿಕೊಂಡ. ಆದುದರಿಂದ ಮಾರಾಟ ಮುಚ್ಚುಮರೆಯಲ್ಲಿ ನಡೆಯಬಾರದು, ಕಾಲೇಜಿಗೆ ತಿಳಿದಿರಬೇಕು, ಬೆಲೆ ನಾಲ್ಕು ಜನರ ಮುಂದೆ ಗೊತ್ತಾಗಬೇಕು ಎಂಬಷ್ಟನ್ನು ನಾನು ಒಪ್ಪುತ್ತೇನೆ. ಪರ್ಯಾಯ ಢಾಲು ಒಬ್ಬನದಲ್ಲ, ಅದನ್ನು ಮಾರುವ ಮಾತೇ ಇಲ್ಲ. ಇಷ್ಟು ಮಿತಿಗಳ ಆಚೆಗೆ, ಒಬ್ಬನ ಹೆಸರಿಗೆ ಕೊಟ್ಟದ್ದು ಅವನದು. ಇಟ್ಟುಕೊಳ್ಳಲಿ, ಮಾರಲಿ, ಹೊಳೆಗೆ ಹಾಕಲಿ. 2023ರ ಮೇ ತಿಂಗಳ ಕೊನೆಯಲ್ಲಿ ನಮ್ಮ ಮಹಿಳಾ ಕುಸ್ತಿಪಟುಗಳು ತಮಗಾದ ಅನ್ಯಾಯಕ್ಕೆ ಕಿವಿಗೊಡುವವರಿಲ್ಲವೆಂದು ಪದಕಗಳನ್ನು ಗಂಗೆಯಲ್ಲಿ ಬಿಡಲು ಹರಿದ್ವಾರದ ದಂಡೆಯ ತನಕ ಹೋದರಲ್ಲ. ಆ ಹೆಣ್ಣುಮಕ್ಕಳ ಕೈಯಲ್ಲಿದ್ದ ಬಲ ಅದೊಂದೇ. ಪದಕ ತಮ್ಮದು ಎಂಬ ಬಲ.

ನನ್ನದೇ ಒಂದು ಸಂಗತಿ ಹೇಳಬೇಕು. ಎಂ.ಎ.ಯಲ್ಲಿ ಕನ್ನಡಕ್ಕೆ ಮೊದಲಿಗನಾದುದಕ್ಕೆ ನನಗೊಂದು ಸ್ವರ್ಣಪದಕ ದೊರೆತಿತ್ತು. 1996ರಲ್ಲಿ ನವನಗರದ ಈ ಮನೆಯನ್ನು ಕಟ್ಟುವಾಗ ಛಾವಣಿಯ ಹಂತದಲ್ಲಿ ದುಡ್ಡು ಮುಗಿಯಿತು. ಹೆಂಡತಿಯ ಬಳೆಗಳ ಜೊತೆಗೆ ಪದಕವನ್ನೂ ಬ್ಯಾಂಕಿಗೆ ಒಯ್ದೆ. ಬಂಗಾರ ಪರೀಕ್ಷಿಸುವವನು ಒರೆಗಲ್ಲಿಗೆ ತಿಕ್ಕಿ, ಬಳೆಗಳನ್ನು ಇಟ್ಟುಕೊಂಡು, ಪದಕವನ್ನು ಎರಡು ಬೆರಳಿನಿಂದ ನನ್ನ ಕಡೆಗೆ ಸರಿಸಿದ. ಅದು ಬೆಳ್ಳಿಯ ಮೇಲೆ ಚಿನ್ನದ ನೀರು! ಒಲಿಂಪಿಕ್ಸಿನ ಚಿನ್ನವೂ ಹಾಗೆಯೇ ಎಂದು ಅನಂತರ ಓದಿ ಸಮಾಧಾನಪಟ್ಟೆ. ಅದರಲ್ಲಿಯೂ ಮುಕ್ಕಾಲಿಗೆ ಮೀರಿ ಬೆಳ್ಳಿಯೇ, ಮೇಲಿನ ಹೊದಿಕೆಯ ಚಿನ್ನ ಆರೇ ಗ್ರಾಮಿನಷ್ಟು. ಹೇಳಬಂದದ್ದು ಅದಲ್ಲ. ಪದಕವನ್ನು ಒತ್ತಿಯಿಡಲು ಹೋದ ನನ್ನ ಮೇಲೆ ಯಾವ ಸಮಿತಿಯೂ ಕುಳಿತುಕೊಳ್ಳಲಿಲ್ಲ. ಅದನ್ನು ಸಹೋದ್ಯೋಗಿಗಳಿಗೆ ನಾನೇ ವಿನೋದವಾಗಿ ಹೇಳಿದೆ, ಅವರು ಚಹಾ ಕುಡಿಯುತ್ತ ನಕ್ಕರು. ಬುದ್ಧಿಯಿಂದ ಗೆದ್ದದ್ದನ್ನು ಛಾವಣಿಗಾಗಿ ಒತ್ತಿಯಿಟ್ಟರೆ ವಿನೋದ, ಕಾಲಿನಿಂದ ಗೆದ್ದದ್ದನ್ನು ಊಟಕ್ಕಾಗಿ ಮಾರಿದರೆ ಠರಾವು.

ಪೋಲೆಂಡಿನ ಮಾರಿಯಾ ಆಂದ್ರೇಚಿಕ್ ಎಂಬ ಭರ್ಜಿ ಎಸೆತಗಾರ್ತಿ 2021ರಲ್ಲಿ ಟೋಕಿಯೋದಲ್ಲಿ ಬೆಳ್ಳಿ ಗೆದ್ದು ಊರಿಗೆ ಬಂದವಳೇ ಪದಕವನ್ನು ಹರಾಜಿಗಿಟ್ಟಳು. ತನಗೆ ಗುರುತಿಲ್ಲದ ಒಂದು ಕೂಸಿನ ಹೃದಯದ ಶಸ್ತ್ರಕ್ರಿಯೆಗೆ ದುಡ್ಡು ಬೇಕಾಗಿತ್ತು. ಕೊಂಡದ್ದು ಅಲ್ಲಿಯ ಒಂದು ಅಂಗಡಿಗಳ ಕಂಪನಿ. ದುಡ್ಡು ಕೊಟ್ಟ ಮೇಲೆ ಪದಕವನ್ನು ಅವಳ ಬಳಿಯೇ ಇರಲಿ ಎಂದು ಬಿಟ್ಟರು. ಅಂಗಡಿಕಾರರಿಗೆ ಹೊಳೆದದ್ದು ನಮಗೆ ಹೊಳೆಯಬಾರದಿತ್ತೆ? ಅಂದು ನಮ್ಮ ಸಮಿತಿ ಮಾಡಬೇಕಾಗಿದ್ದ ಕೆಲಸ ಬಹಳ ಸಣ್ಣದು. ಸ್ಟುಡಿಯೋದವನಿಗೆ ಅವನ ನೂರಿಪ್ಪತ್ತು ರೂಪಾಯಿಯನ್ನು ಎಣಿಸಿ ಕೊಟ್ಟು, ಕೋಟನ್ನು ತಂದು ಹುಡುಗನ ಹೆಗಲಿಗೆ ಮತ್ತೆ ಹಾಕುವುದು. ಎಂಟು ಜನ ಹದಿನೈದು ಹದಿನೈದು ರೂಪಾಯಿ ಹಾಕಿದ್ದರೆ ಸಾಕಾಗಿತ್ತು. ಸಭೆಯ ಚಹಾ, ಫರಾಳಕ್ಕೇ ನಾವು ಮೂವತ್ತು ರೂಪಾಯಿ ಖರ್ಚು ಹಾಕಿದ್ದೆವು; ಆ ಲೆಕ್ಕವನ್ನು ಬರೆದವನೂ ನಾನೇ.

ಕಾಲೇಜುಗಳಿಗೆ ನನ್ನ ಸೂಚನೆ ಇಷ್ಟೇ. ಪದಕವನ್ನೋ ಬ್ಲೇಜರನ್ನೋ ಕೊಡುವಾಗ ಒಂದು ಚೀಟಿಯನ್ನೂ ಕೊಡಿರಿ. ಇದು ನಿನ್ನದು, ಎಂದಾದರೂ ಮಾರಬೇಕಾಗಿ ಬಂದರೆ ಮೊದಲು ನಮ್ಮನ್ನು ಕೇಳು, ಪೇಟೆಯ ಬೆಲೆಯನ್ನು ನಾವು ಕೊಡುತ್ತೇವೆ ಎಂದು ಅದರಲ್ಲಿ ಬರೆಯಿರಿ. ಅದಕ್ಕಾಗಿ ಜಿಮಖಾನಾ ನಿಧಿಯಲ್ಲಿ ಒಂದು ಚಿಕ್ಕ ಮೊತ್ತ ತೆಗೆದಿಡಿರಿ. ನೆತ್ತರುಗೊಡಗಿಯ ನಾಡಿನಲ್ಲಿ ಇದು ಅತಿಯಾದ ಬೇಡಿಕೆಯಲ್ಲ.

ಆ ಹುಡುಗ ಹಾಲ್ ಟಿಕೆಟ್ ಪಡೆದು ಪರೀಕ್ಷೆಗೆ ಕುಳಿತು, ಮರುವರ್ಷ ಬಿ.ಎ. ಮುಗಿಸಿ ಹೋದ. ನಾನು ಬೇರೆ ಊರಿಗೆ ವರ್ಗವಾದೆ. ಗೌರವ ಫಲಕದಲ್ಲಿ 1986-87ರ ಮುಂದೆ ಹಳದಿ ಬಣ್ಣದ ಒಂದು ಗೆರೆಯನ್ನು ಮಾತ್ರ ಎಳೆದಿದ್ದರು.

ಕಳೆದ ವರ್ಷ ಆ ತಾಲೂಕಿನ ಒಂದು ಹಳ್ಳಿಗೆ ಹಳೆಯ ಶಿಷ್ಯನ ಮಗಳ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ವೃದ್ಧರು ನನ್ನನ್ನು ಬಹಳ ಹೊತ್ತು ನೋಡಿ, ಕನ್ನಡ ಸರ್ ಅಲ್ಲವೆ ಎಂದು ಕೇಳಿದರು. ಸ್ಟುಡಿಯೋದವರು! ಅಂಗಡಿ ಮುಚ್ಚಿ ಇಪ್ಪತ್ತು ವರ್ಷವಾಯಿತಂತೆ. ಈಗ ಪ್ರತಿಯೊಬ್ಬನ ಕಿಸೆಯಲ್ಲಿಯೂ ಸ್ಟುಡಿಯೋ ಇದೆಯಲ್ಲ. ನಾನೇ ಆ ಕೋಟಿನ ಮಾತು ತೆಗೆದೆ. ಅವರ ಮುಖ ಅರಳಿತು. ಅಂಥ ಕೋಟು ತಾಲೂಕಿನಲ್ಲಿಯೇ ಇರಲಿಲ್ಲ, ಬೇರೆ ಕೋಟಿನ ಫೋಟೋಕ್ಕಿಂತ ಅದರ ಫೋಟೋಕ್ಕೆ ಎರಡು ರೂಪಾಯಿ ಹೆಚ್ಚು ತೆಗೆದುಕೊಳ್ಳುತ್ತಿದ್ದೆ, ಅರ್ಧ ಊರಿನ ಮದುಮಕ್ಕಳು ಅದನ್ನೇ ತೊಟ್ಟು ನಿಂತಿದ್ದಾರೆ ಎಂದರು. ಅನಂತರ ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟು, ಸ್ವಲ್ಪ ತಡೆದು, ಇನ್ನೊಂದು ಮಾತು ಹೇಳಿದರು. ಮೂರು ವರ್ಷದ ಮೇಲೆ ಆ ಹುಡುಗ ಬಂದಿದ್ದನಂತೆ. ಎಲ್ಲಿಯೋ ನೌಕರಿ ಹಿಡಿದಿದ್ದ. ಮುನ್ನೂರು ರೂಪಾಯಿಯನ್ನು ಕೌಂಟರಿನ ಮೇಲೆ ಇಟ್ಟು ಕೋಟು ಕೊಡಿರಿ ಎಂದ.

“ಕೊಟ್ಟಿರಾ?” ಎಂದೆ.

“ಹ್ಯಾಂಗ ಕೊಡ್ಲಿರಿ ಸರ? ಆಗ ಲಗ್ನದ ಸೀಜನ್ ಇತ್ತು.”